ಬತ್ತೀನಿ ಸಾ

ನಿನ್ನೆ ಸಂಜೆ ಐದೂವರೆಗೆ ಆಫೀಸಿನಲ್ಲಿ ನನ್ನ ಬ್ಯಾಗಿನ ಜಿಪ್ಪು ಎಳೆದೆ. ಜುರ್ರ್ ಎಂದಿತು. ಸುತ್ತ ನಾಲ್ಕು ತಲೆಗಳು ಮೇಲೆದ್ದವು. ಅರ್ಧ ಎಳೆದದ್ದನ್ನು ಅಲ್ಲಿಗೇ ಬಿಟ್ಟು, ಏನೋ ಮರೆತವನಂತೆ ಮತ್ತೆ ಕಂಪ್ಯೂಟರಿನ ಕಡೆ ತಿರುಗಿದೆ. ಕೆಲಸವೇನೂ ಉಳಿದಿರಲಿಲ್ಲ. ಆದರೆ ಸಾಹೇಬರ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಆ ದೀಪ ಆರುವ ತನಕ ಯಾರೂ ಏಳಬಾರದು ಎಂದು ಯಾವ ಆರ್ಡರಿನಲ್ಲೂ ಬರೆದಿಲ್ಲ. ಬರೆದ ಆರ್ಡರಾದರೆ ಹೇಗೋ ನುಣುಚಿಕೊಳ್ಳಬಹುದು, ಬರೆಯದೇ ಇರುವುದನ್ನು ಮೀರುವುದು ಬಲು ಕಷ್ಟ ನೋಡಿ. ಹಾಗೆ ಸುಮ್ಮನೆ ಕೂತಿದ್ದಾಗ ಚಿಕ್ಕತಾಯಮ್ಮನವರ ನೆನಪಾಯಿತು.

ನಮ್ಮದು ಬಿತ್ತನೆ ಬೀಜ ಮಾರುವ ಕಂಪನಿ. ಹೆಡ್ಡಾಫೀಸು ಎಲ್ಲೋ ದೂರದಲ್ಲಿದೆ, ಮದ್ದೂರಿನಲ್ಲಿ ನಾವೊಂದಷ್ಟು ಜನ. ಕೆಲವು ವರ್ಷಗಳ ಹಿಂದೆ ಇಲ್ಲಿ ಬಿಲ್ಲುಗಳನ್ನು ನೋಡಿಕೊಳ್ಳುತ್ತಿದ್ದವರು ಚಿಕ್ಕತಾಯಮ್ಮ. ಮಳವಳ್ಳಿ ಕಡೆಯವರು, ದಿನಾ ಬಸ್ಸಿನಲ್ಲಿ ಓಡಾಟ. ಐದೂವರೆ ಆಯಿತೆಂದರೆ ಊಟದ ಡಬ್ಬಿಯನ್ನು ಬ್ಯಾಗಿಗೆ ಹಾಕಿ, ಜಿಪ್ಪನ್ನು ಪೂರ್ತಿ ಎಳೆದು, ಸಾಹೇಬರ ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವಂತೆ "ಬತ್ತೀನಿ ಸಾ!" ಎಂದು ಹೊರಟುಬಿಡುತ್ತಿದ್ದರು. ಉಳಿದ ನಾವು ಕೂತಿರುತ್ತಿದ್ದೆವು. ಏನು ಘನಂದಾರಿ ಕೆಲಸ ಅಂತೀರಿ? ನಾನಂತೂ ಒಂದೇ ಎಕ್ಸೆಲ್ ಶೀಟಿಗೆ ಹಸಿರು ಬಣ್ಣ ಕೊಟ್ಟು, ಅದು ಸರಿ ಕಾಣದೆ ಹಳದಿ ಕೊಟ್ಟು, ಮತ್ತೆ ಹಸಿರಿಗೇ ಬರುತ್ತಿದ್ದೆ.

ಒಂದು ದಿನ ತಡೆಯಲಾರದೆ ಕೇಳಿದೆ, "ಅಲ್ಲಮ್ಮಾ, ಮನೇಲಿ ಅಂಥದ್ದೇನು ಅರ್ಜೆಂಟು?"

"ಅರ್ಜೆಂಟಾ? ಏನೂ ಇಲ್ಲ ಕಣಪ್ಪ. ಮಗಳು ಅವಳ ಪಾಡ್ಗೆ ಓದ್ಕತಳೆ. ನಮ್ಮೆಜಮಾನ್ರು ಅನ್ನಕ್ಕಿಟ್ಟಿರ್ತಾರೆ. ನಾನು ಓಗಿ ಕಾಲು ನೀಡ್ಕಂಡು ಜಗಲಿ ಮ್ಯಾಲೆ ಕೂತ್ಕಬೇಕು, ಅಷ್ಟೇಯ. ಕತ್ಲಾಗೋದ ನೋಡ್ಬೇಕು. ಇಲ್ಲಿ ಟ್ಯೂಬ್‌ಲೈಟ್ ಕೆಳ್ಗೆ ಕೂತ್ರೆ ಕತ್ಲಾಗಿದ್ದೇ ಗೊತ್ತಾಗಾಕಿಲ್ಲ ಕಣಪ್ಪ."

ಮನೆಯಲ್ಲಿ ಯಾರಿಗೋ ಕಾಯಿಲೆ ಎಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸುಮ್ಮನೆ ಕೂರುವುದಕ್ಕೋಸ್ಕರ ಒಬ್ಬರು ಇಷ್ಟು ಧೈರ್ಯವಾಗಿ ಎದ್ದು ಹೋಗುತ್ತಾರೆಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ!

ಆ ಸಮಯಕ್ಕೆ ಉತ್ತರದ ಕಡೆಯ ಹೊಸ ಸಾಹೇಬರು ಬಂದರು. ಒಳ್ಳೆಯ ಮನುಷ್ಯ. ಸಂಸಾರ ಊರಲ್ಲಿ, ಇಲ್ಲಿ ಬಾಡಿಗೆಯ ಒಂದು ರೂಮು. ಅವರಿಗೆ ಆಫೀಸೇ ಮನೆ, ಆದ್ದರಿಂದ ನಮಗೂ ಅದೇ ಆಗಬೇಕಾಯಿತು. ಮೊಬೈಲು ನೋಡಿ ಕನ್ನಡ ಕಲಿಯುತ್ತಿದ್ದರು. ಬಂದ ಮಾರನೆಯ ಬೆಳಿಗ್ಗೆಯೇ ಚಿಕ್ಕತಾಯಮ್ಮನವರನ್ನು ಕರೆದರು.

"ನೀವು ಬರ್ತೀನಿ ಹೇಳಿದ್ರಿ. ನಾನು ತುಂಬಾ ಹೊತ್ತು ಕಾದೆ. ನಿಮ್ಮ ಟೀ ತಣ್ಣಗೆ ಆಯ್ತು."

"ಅಯ್ಯೋ ಸಿವನೆ! ಬತ್ತೀನಿ ಅಂದ್ರೆ ಓಯ್ತೀನಿ ಅಂತ ಸಾ!"

"ಬರ್ತೀನಿ ಅಂದ್ರೆ ಹೋಗ್ತೀನಿ. ಹಾಗಾದ್ರೆ ಹೋಗ್ತೀನಿ ಅಂದ್ರೆ?"

"ಅದ ಅನ್ಬಾರ್ದು ಸಾ. ಅಂಗಂದ್ರೆ ತಿರ್ಗ ಬರಾಕಿಲ್ಲ ಅಂತ ಆಯ್ತದೆ."

ಸಾಹೇಬರೂ ನಕ್ಕರು, ನಾವಂತೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಆಮೇಲೆ ಹೆಡ್ಡಾಫೀಸಿನಿಂದ ಹೊಸ ಪದ್ಧತಿ ಬಂತು: ದಿನಾ ಸಂಜೆ ಎಲ್ಲರೂ ವಿಡಿಯೋ ಮೀಟಿಂಗಿಗೆ ಕೂರಬೇಕು. ಅದರ ಅರ್ಧ ಹೊತ್ತು "ನನ್ನ ದನಿ ಕೇಳಿಸ್ತಿದೆಯಾ" ಎನ್ನುವುದರಲ್ಲೇ ಕಳೆಯುತ್ತಿತ್ತು. ಚಿಕ್ಕತಾಯಮ್ಮ ಒಂದು ದಿನ ಕೂತು ನೋಡಿದರು. "ಇದ್ನೆಲ್ಲ ಬೆಳಿಗ್ಗೆ ಮಡೀಕಳಿ ಸಾ, ಕೂತ್ಕತೀನಿ" ಎಂದು ಮಾರನೆಯ ದಿನದಿಂದ ಮತ್ತೆ ಐದೂವರೆಗೇ ಎದ್ದರು. ವರ್ಷದ ಕೊನೆಗೆ ಅವರ ಕೆಲಸದಲ್ಲಿ ಒಂದು ತಪ್ಪೂ ಸಿಗಲಿಲ್ಲ. ತಂಡದೊಂದಿಗೆ ಹೊಂದಿಕೊಳ್ಳುವ ಮನೋಭಾವ ಮಾತ್ರ ಸಾಲದು ಎಂದು ಮೇಲಿನವರು ತೀರ್ಮಾನಿಸಿದರು.

ಸಾಹೇಬರು ತಲೆ ತಗ್ಗಿಸಿಕೊಂಡೇ ಹೇಳಿದರು, "ಮೇಲಿನವರು ಒಪ್ಪಲ್ಲ. ಸಂಜೆ ಮೀಟಿಂಗಿಗೆ ಇರಲೇಬೇಕು. ಇಲ್ಲಾಂದ್ರೆ..."

"ನನ್ ಕೆಲ್ಸ ಏನಾರ ಬಾಕಿ ಐತಾ ಸಾ?"

"ಇಲ್ಲ."

"ಮತ್ಯಾಕ್ ಇರ್ಬೇಕು ಸಾ?"

ಸಾಹೇಬರು ಮೇಜಿನ ಮೇಲಿದ್ದ ಕಾಗದವನ್ನು ಮಗುಚಿ ಇಟ್ಟರು. ಬಾಗಿಲ ಹೊರಗೆ ಕಿವಿಯಾಗಿ ಕೂತಿದ್ದ ನಾವು ಕಂಪ್ಯೂಟರುಗಳ ಕಡೆ ತಿರುಗಿದೆವು.

ಅವತ್ತು ಐದೂವರೆಗೆ ಡಬ್ಬಿ ಒಳಗೆ ಹೋಯಿತು, ಜಿಪ್ಪು ಪೂರ್ತಿ ಎಳೆದುಕೊಂಡಿತು. ಚಿಕ್ಕತಾಯಮ್ಮ ಸಾಹೇಬರ ಬಾಗಿಲಲ್ಲಿ ನಿಂತರು. ಈ ಸಲ ದನಿ ಬೀದಿಗೆ ಕೇಳುವಂತಿರಲಿಲ್ಲ.

"ಓಯ್ತೀನಿ ಸಾ."

ಸಾಹೇಬರು ಕುರ್ಚಿ ಬಿಟ್ಟು ಎದ್ದು ನಿಂತರು. "ಹಾಗೆ ಅನ್ನಬಾರದು ಚಿಕ್ಕತಾಯಮ್ಮ. ಬರ್ತೀನಿ ಅನ್ನಿ."

"ಗೊತ್ತಿದ್ದೇ ಅಂದಿದ್ದು ಸಾ" ಎಂದರು. ಮೆಟ್ಟಿಲಿಳಿದು ಹೋದರು. ಆ ಸಂಜೆ ಸಾಹೇಬರು ದೀಪ ಆರಿಸಿ ನಮಗಿಂತ ಮೊದಲೇ ಹೊರಟರು. ಇನ್ನಾದರೂ ಏನೋ ಬದಲಾದೀತು ಎಂದುಕೊಂಡೆವು. ಮಾರನೆಯ ಸಂಜೆ ಮೀಟಿಂಗು ಎಂದಿನಂತೆ ನಡೆಯಿತು.

ಈಗಿರುವವರು ಬೇರೆ ಸಾಹೇಬರು. ದೀಪ ಅದೇ. ನಿನ್ನೆ ಇದನ್ನೆಲ್ಲ ಯೋಚಿಸುತ್ತ, ಉಳಿದರ್ಧ ಜಿಪ್ಪನ್ನೂ ಎಳೆದುಬಿಟ್ಟೆ. ಬಾಗಿಲಲ್ಲಿ ನಿಂತು "ಬರ್ತೀನಿ ಸಾರ್" ಎಂದೆ. ಅವರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು.

"ಏನಾದ್ರೂ ಅರ್ಜೆಂಟಾ?"

ಹೆಂಡತಿಯ ಜ್ವರ, ಮಗನ ಸ್ಕೂಲು, ನೆಂಟರ ಮದುವೆ, ಎಲ್ಲವೂ ನಾಲಿಗೆಯ ತುದಿಗೆ ಬಂದು ನಿಂತವು.

"ಏನೂ ಇಲ್ಲ ಸಾರ್" ಎಂದೆ.

ಮೆಟ್ಟಿಲಿಳಿದು ರಸ್ತೆಗೆ ಬಂದರೆ, ಇನ್ನೂ ಬಿಸಿಲಿತ್ತು ಕಣ್ರೀ!