ಸೌ. ಪ್ರೇಮಾ, ಅಂಕೋಲೆ

ನಾನು ಜೀವಮಾನದಲ್ಲಿ ಒಂದೇ ಒಂದು ಗುಂಡನ್ನೂ ನೆಟ್ಟಗೆ ಹಾರಿಸಿದವನಲ್ಲ. ಕಾರವಾರದ ಕಡಲತಡಿಯಲ್ಲಿ ಬಲೂನು ಒಡೆಯುವ ಬಂದೂಕು ಹಿಡಿದಾಗಲೂ ಬಲೂನು ಬಿಟ್ಟು ಅದರ ಹಿಂದಿನ ಹಲಗೆಗೆ ಹೊಡೆದವನು. ಆದರೂ ಪಿಸ್ತೂಲಿನ ಮ್ಯಾಗಜಿನ್ ಆರಿಸುವುದು ಹೇಗೆ ಎಂದು ಯಾರಾದರೂ ಕೇಳಿದರೆ ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ಶುರುಮಾಡಿ ಕಾರವಾರ ಮುಟ್ಟುವವರೆಗೆ ಬಿಡದೆ ಹೇಳಬಲ್ಲೆ. ಯಾರೂ ಕೇಳದಿದ್ದರೂ ಹೇಳಿದ್ದುಂಟು. ನನ್ನ ಜೊತೆ ದಿನವೂ ಬಸ್ಸು ಹತ್ತುವ ಮಾಸ್ತರರು ಇತ್ತೀಚೆಗೆ ಹಿಂದಿನ ಸೀಟು ಹುಡುಕಿಕೊಳ್ಳುತ್ತಿದ್ದಾರೆ.

ಈ ಪಾಂಡಿತ್ಯಕ್ಕೆ ಕಾರಣ ನನ್ನ ಹೆಂಡತಿ ಪ್ರೇಮಾ. ಅವಳಿಗೆ ನಲವತ್ತಾರು ವರ್ಷ. ವಾರದ ಆರು ದಿನ ಕಚೇರಿಯಲ್ಲಿ ಟೈಪು ಮಾಡುತ್ತಾಳೆ, ಏಳನೆಯ ದಿನ ಅಮದಳ್ಳಿಯ ಹತ್ತಿರದ ಕ್ಲಬ್ಬಿಗೆ ಹೋಗಿ ಇಪ್ಪತ್ತೈದು ಮೀಟರ್ ದೂರದ ಗುರಿಗೆ ಪಿಸ್ತೂಲು ಹೊಡೆಯುತ್ತಾಳೆ. ಅವಳ ತವರು ಸುಂಕಸಾಳ. ಅಲ್ಲಿ ಅವಳಪ್ಪನ ಹತ್ತಿರ ಬೆಳೆ ಕಾಯುವ ಒಂದು ಕೋವಿ ಇತ್ತು. ಮಂಗ ಓಡಿಸಲು ಚಿಕ್ಕಂದಿನಲ್ಲಿ ಅದನ್ನು ಮೇಲಕ್ಕೆ ಹಾರಿಸಿದ್ದಳಂತೆ. ಗುರಿ ಅಲ್ಲಿಂದ ಬಂತೋ ಟೈಪಿನ ಕೀಲಿಮಣೆಯಿಂದ ಬಂತೋ ಅವಳು ಹೇಳಿಲ್ಲ. ಊರವರಿಗೆ ಅದು ಬೇಕಾಗಿಯೂ ಇಲ್ಲ. ಅವರು ನನ್ನನ್ನು ಹಿಡಿದು, "ಮನೇಲಿ ಜಗಳಾದ್ರೆ ಹ್ಯಾಂಗೆ ಮಾಸ್ತರೆ?" ಎಂದು ಕೇಳಿ ತಾವೇ ನಗುತ್ತಾರೆ. ಪಿಸ್ತೂಲು ಕ್ಲಬ್ಬಿನದು, ಕ್ಲಬ್ಬಿನ ತಿಜೋರಿಯಲ್ಲೇ ಇರುತ್ತದೆ, ನಮ್ಮ ಮನೆಗೆ ಬರುವುದು ಖಾಲಿ ಮ್ಯಾಗಜಿನ್ ಮಾತ್ರ ಎಂದು ಎಷ್ಟು ಸಲ ಹೇಳಿದರೂ ಅವರಿಗೆ ಆ ಪ್ರಶ್ನೆ ಹಳತಾಗಿಲ್ಲ.

ಮ್ಯಾಗಜಿನ್ ಎಂದರೆ ಪಿಸ್ತೂಲಿಗೆ ಗುಂಡು ಉಣಿಸುವ, ಬೆರಳುದ್ದದ ಒಂದು ತೆಳು ತಗಡಿನ ಡಬ್ಬಿ. ಒಳಗೆ ಒಂದು ಸ್ಪ್ರಿಂಗು, ಅದರ ತಲೆಯ ಮೇಲೆ ಒಂದು ಪುಟ್ಟ ತಟ್ಟೆ, ತಟ್ಟೆಯ ಮೇಲೆ ಐದು ಗುಂಡು. ಒಂದು ಹಾರಿದರೆ ತಟ್ಟೆ ಮುಂದಿನದನ್ನು ಮೇಲಕ್ಕೆ ನೂಕುತ್ತದೆ. ಇಷ್ಟೇ. ಎಂಟನೆಯ ತರಗತಿಗೆ ವಿಜ್ಞಾನ ಕಲಿಸುವ ನನಗೆ ಇದು ಒಂದು ಪಿರಿಯಡ್ಡಿನ ಪಾಠವೂ ಅಲ್ಲ. ಆದರೆ ಈ ತಟ್ಟೆ ಒಂದು ಕ್ಷಣ ತಡವರಿಸಿದರೆ ಗುಂಡು ಸೊಟ್ಟಗೆ ನಿಂತು ಸಿಕ್ಕಿಕೊಳ್ಳುತ್ತದೆ. ಎಂಥ ಗುರಿಕಾರರಾದರೂ ಆಗ ತೊಡಕಾಯಿತೆಂದು ತೋರಿಸಲು ಎಡಗೈ ಎತ್ತಿ ನಿಲ್ಲಬೇಕು.

ಕ್ಲಬ್ಬಿನ ಪಿಸ್ತೂಲಿನ ಜೊತೆ ಬಂದಿದ್ದ ಮ್ಯಾಗಜಿನ್ನುಗಳು ಹತ್ತಾರು ಕೈ ಕಂಡು ಸುಸ್ತಾಗಿದ್ದವು. ಅವುಗಳ ದೆಸೆಯಿಂದಲೇ ಪ್ರೇಮಾ ಎರಡು ವರ್ಷ ರಾಜ್ಯಮಟ್ಟದ ಸ್ಪರ್ಧೆಗೆ ಹೋಗಲು ಬೇಕಾದ ಅಂಕ ಮುಟ್ಟದೆ ಉಳಿದಳು ಎಂಬುದು ನನ್ನ ವಾದ. ಅವಳು ವಾದ ಮಾಡುವವಳಲ್ಲ. ಈ ವರ್ಷದ ಆಯ್ಕೆ ಸ್ಪರ್ಧೆಯ ದಿನಾಂಕ ಗೊತ್ತಾದ ದಿನ ಪಡಸಾಲೆಯಲ್ಲಿ ಕೂತು ತಣ್ಣಗೆ ಹೇಳಿದಳು.

"ಈ ಸಲವೂ ಅಂಕ ಬರ್ಲಿಲ್ಲಾಂದ್ರೆ ಸಾಕು. ಮತ್ತೆ ಪಿಸ್ತೂಲು ಮುಟ್ಟೂದಿಲ್ಲ. ಆಯ್ತವಾರ ಮನೇಲೇ ಇರ್ತೆ, ನಿಮ್ಗೆ ಬಿಸಿ ಅನ್ನ ಮಾಡಿ ಬಡಿಸ್ತೆ."

ಆರು ವರ್ಷದಿಂದ ಪ್ರತಿ ಆಯ್ತವಾರ ನನಗೆ ಹಿಂದಿನ ದಿನದ ಅನ್ನದ ಗಂಜಿ. ಬಿಸಿ ಅನ್ನದ ಆಸೆ ತೋರಿಸಿದರೆ ಬೇರೆ ಗಂಡಸರು ಹಿಗ್ಗುತ್ತಿದ್ದರೇನೋ. ನನಗೆ ಹೆದರಿಕೆಯಾಯಿತು. ಪಿಸ್ತೂಲು ಬಿಟ್ಟ ಪ್ರೇಮಾ ಹೇಗಿರುತ್ತಾಳೆ ಎಂಬುದು ನನಗೆ ನೆನಪಿತ್ತು. ಕ್ಲಬ್ಬು ಸೇರುವ ಮೊದಲು ಅವಳು ಆಯ್ತವಾರ ಮಧ್ಯಾಹ್ನ ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತಿದ್ದಳು. ಏನಾಯ್ತು ಎಂದರೆ ಏನಿಲ್ಲ ಎನ್ನುತ್ತಿದ್ದಳು.

ಹಾಗಾಗಿ ಮ್ಯಾಗಜಿನ್ ತರುವ ಹೊಣೆ ನಾನು ಹೊತ್ತೆ. ಹೊಸದಾಗಿ ಪಿಸ್ತೂಲಿನ ಕಂಪನಿಯದ್ದನ್ನೇ ತರಿಸೋಣವೆಂದರೆ ಒಂದರ ದುಡ್ಡಿಗೆ ನಮ್ಮೂರಲ್ಲಿ ಒಳ್ಳೆಯ ಮಿಕ್ಸರ್ ಬರುತ್ತದೆ. ಅಗ್ಗದ ನಕಲಿ ಮಾಲು ಸಿಗುತ್ತದೆ, ಅದರ ಹಣೆಬರಹ ಹೊಡೆದ ಮೇಲೆಯೇ ಗೊತ್ತಾಗಬೇಕು. ಅಷ್ಟರಲ್ಲಿ ಶೂಟಿಂಗ್ ಬಿಟ್ಟ ಯಾರದೋ ಹಳೆಯ ಮ್ಯಾಗಜಿನ್ನುಗಳು ಕಾಗದಪತ್ರ ಸಮೇತ ಕ್ಲಬ್ಬಿಗೆ ಬಂದವು. ಆರಿದ್ದವು. ಆರನ್ನೂ ತಂದುಬಿಡೋಣ, ಯಾವುದಾದರೂ ಸರಿ ಇದ್ದೀತು ಎಂದು ನಾನು ಹೊರಟೆ. ಕ್ಲಬ್ಬಿನಲ್ಲಿ ಕಲಿಸುವ ದೇವಿದಾಸ ಸಾಹೇಬರು ತಡೆದರು. ಅವರು ನೌಕಾಪಡೆಯಿಂದ ನಿವೃತ್ತರಾದವರು, ಮಾತಿನಲ್ಲೂ ಗುಂಡು ದಂಡ ಮಾಡುವವರಲ್ಲ.

"ಮಾಸ್ತರೆ, ಒಳ್ಳೇದು ಎರಡಿದ್ರೆ ಸಾಕು. ಆರು ತಗಂಡು ಎಂತ ಮಾಡ್ತ್ರಿ? ಉಪ್ಪಿನಕಾಯಿ ಹಾಕ್ತ್ರಾ?"

ಎರಡನ್ನು ಆರಿಸುವುದು ಹೇಗೆ? ಇಲ್ಲಿ ನನ್ನ ನೆರವಿಗೆ ಬಂದದ್ದು ಅಂಕೋಲೆಯ ಮೀನುಪೇಟೆ. ನಮ್ಮಲ್ಲಿ ಬಂಗಡೆಯನ್ನು ಪಾಲು ಹಾಕಿ ಮಾರುತ್ತಾರೆ. ಪಾಲಿನ ಮೇಲೆ ಹೊಳೆಯುವ ಮೀನು ಇರುತ್ತದೆ, ಅಡಿಯಲ್ಲಿ ಮೊನ್ನೆಯದು ಮಲಗಿರುತ್ತದೆ. ಮೂವತ್ತು ವರ್ಷ ಆ ಪಾಲುಗಳನ್ನು ಮಗುಚಿ, ಕಿವಿರೆತ್ತಿ ಕೆಂಪು ನೋಡಿ, ಬೆನ್ನು ಒತ್ತಿ ನೋಡಿ, ಮೀನು ಮಾರುವ ಹೆಂಗಸರಿಂದ ಬೈಸಿಕೊಂಡವನು ನಾನು. ಅದೇ ಕ್ರಮದಲ್ಲಿ ಮ್ಯಾಗಜಿನ್ ನೋಡಿದೆ. ಗುಂಡು ಹಿಡಿಯುವ ಬಾಯಂಚು ಎರಡೂ ಕಡೆ ಸಮನಾಗಿರಬೇಕು. ತಟ್ಟೆಯನ್ನು ಒತ್ತಿ ಬಿಟ್ಟರೆ ಚಂಗನೆ ಮೇಲೆ ಬರಬೇಕು. ಮೂಲೆಯಲ್ಲಿ ತುಕ್ಕಿರಬಾರದು, ನಮ್ಮ ಉಪ್ಪುಗಾಳಿಯಲ್ಲಿ ಕನ್ನಡಕದ ತಿರುಪೂ ತುಕ್ಕು ಹಿಡಿಯುತ್ತದೆ. ಹೊಳಪಿಗೆ ಮರುಳಾಗಬಾರದು. ಹೀಗೆ ಎರಡು ಚೆಂದದವನ್ನು ಆರಿಸಿದೆ. ಮೂರನೆಯದಾಗಿ ಒಂದು ನಕಲಿ ಮಾಲು, ಮೈತುಂಬ ಗೀರು ಬಿದ್ದದ್ದು, ಯಾರಿಗೂ ಬೇಡವಾಗಿ ಪುಕ್ಕಟೆ ಸಿಕ್ಕಿತು. ಬಂದದ್ದು ಬರಲಿ ಎಂದು ಚೀಲಕ್ಕೆ ಹಾಕಿಕೊಂಡೆ.

ಪ್ರೇಮಾ ನಾಲ್ಕು ಆಯ್ತವಾರ ಮೂರನ್ನೂ ಹೊಡೆದು ನೋಡಿದಳು. ಒಂದೂ ತಡವರಿಸಲಿಲ್ಲ. ದೇವಿದಾಸ ಸಾಹೇಬರು, "ಬರೋಬರ್ ಆರಿಸ್ದ್ರಿ" ಎಂದರು. ಅವರು ಯಾರಿಗಾದರೂ ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಅಲ್ಲಿಗೇ ಸುಮ್ಮನಿರಬೇಕಿತ್ತು.

ಈಗ ಸ್ವಲ್ಪ ಪಾತ್ರೆಗಳ ವಿಷಯ ಹೇಳಬೇಕು. ನಮ್ಮ ಕಡೆಯ ಮನೆಗಳಲ್ಲಿ ಹೆಸರಿಲ್ಲದ ಪಾತ್ರೆ ಇಲ್ಲ. ಮದುವೆಗೆ, ಮಗುವಿಗೆ ಹೆಸರಿಡುವ ಬಾರಸೆಗೆ, ಊರೆಲ್ಲ ಹಂಡೆ ತಪ್ಪಲೆ ಕಡ ಕೊಟ್ಟು ತರುವ ರೂಢಿ ಇರುವುದರಿಂದ ಲೋಟದಿಂದ ಹಿಡಿದು ಕೊಳಗದವರೆಗೆ ಎಲ್ಲದರ ಮೇಲೂ ಚುಕ್ಕಿ ಚುಕ್ಕಿಯಾಗಿ ಹೆಸರು ಹೊಡೆಸುತ್ತಾರೆ. ನನ್ನ ಅಜ್ಜಿಯ ತಾಮ್ರದ ಹಂಡೆಯೊಂದು ಹಣಕೋಣದ ಯಾವುದೋ ಮದುವೆಗೆ ಹೋಗಿ, ಅಜ್ಜಿ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಹೆಸರಿನ ಬಲದಿಂದ ಮನೆಗೆ ಮರಳಿತು. ಹಿಂದಿನ ಅರಸರು ದಾನ ಕೊಟ್ಟದ್ದನ್ನು ತಾಮ್ರದ ಮೇಲೆ ಕೊರೆಸುತ್ತಿದ್ದರಲ್ಲ, ಅದರ ಮನೆವಾರ್ತೆಯ ರೂಪ ಇದು. ಅರಸರು ಆ ಕೆಲಸಕ್ಕೆ ದಪ್ಪ ತಗಡನ್ನೇ ಆರಿಸುತ್ತಿದ್ದರು. ಯಾಕೆ ಎಂದು ಆಗ ನಾನು ಯೋಚಿಸಿರಲಿಲ್ಲ.

ಆಯ್ಕೆ ಸ್ಪರ್ಧೆ ಎರಡು ದಿನ, ಅದೇ ಕ್ಲಬ್ಬಿನಲ್ಲಿ. ಶನಿವಾರ ನಿಧಾನದ ಹಂತ. ಅದರಲ್ಲಿ ಪ್ರೇಮಾ ಎಂದೂ ಹೊಡೆಯದಷ್ಟು ಚೆನ್ನಾಗಿ ಹೊಡೆದಳು. ಆಯ್ತವಾರ ವೇಗದ ಹಂತ. ಅದರಲ್ಲಿ ಅವಳು ತನ್ನ ಮಾಮೂಲಿ ಅಂಕ ತೆಗೆದರೂ ಸಾಕಿತ್ತು. ಶನಿವಾರದ ಮಧ್ಯಾಹ್ನ ಮೇಜಿನ ಮೇಲೆ ಏಳೆಂಟು ಜನರ ಮ್ಯಾಗಜಿನ್ನುಗಳು ಒಂದೇ ತರಹ ಬಿದ್ದುಕೊಂಡದ್ದನ್ನು ನೋಡಿ ನನಗೆ ದಿಗಿಲಾಯಿತು. ನಾಳೆ ಯಾರಾದರೂ ನಮ್ಮದನ್ನು ಎತ್ತಿಕೊಂಡು ಹೋದರೆ? ಒರೆಸಿಡುತ್ತೇನೆಂದು ಹೇಳಿ ಚೆಂದದ ಎರಡನ್ನೂ ಕಿಸೆಗೆ ಹಾಕಿಕೊಂಡು ನೇರ ಕಾರವಾರದ ಪೇಟೆಗೆ ಹೋದೆ. ಗೀರು ಬಿದ್ದ ನಕಲಿಯನ್ನು ಒಯ್ಯಲಿಲ್ಲ. ಅದಕ್ಕೆ ಅವಳ ಹೆಸರು ಹಾಕುವಷ್ಟು ಯೋಗ್ಯತೆ ಇಲ್ಲವೆಂದು ನನ್ನ ಎಣಿಕೆ.

ಪಾತ್ರೆ ಅಂಗಡಿಯ ಮೆಟ್ಟಿಲ ಮೇಲೆ ಕೂತು ಹೆಸರು ಹೊಡೆಯುವ ಪುಂಡಲೀಕ ನಮ್ಮ ಮನೆಯ ಅರ್ಧ ಪಾತ್ರೆಗಳ ಲಿಪಿಕಾರ. ಮ್ಯಾಗಜಿನ್ನನ್ನು ತಿರುಗಿಸಿ ನೋಡಿ, "ಇದೆಂತ ಸಾಮಾನು ಮಾಸ್ತರೆ, ಟಾರ್ಚಿನ ಡಬ್ಬಿಯಾ?" ಎಂದ. ಹೇಳಿದೆ. ಅವನ ಮುಖದಲ್ಲಿ ಗೌರವ ಮೂಡಿತು. ಬರೀ ‘ಪ್ರೇಮಾ’ ಎಂದು ಹೊಡೆದರೆ ಸಾಕು ಅಂದೆ.

"ಬರೀ ಹೆಸ್ರಾ? ಊರು ಬ್ಯಾಡ್ವಾ? ಮತ್ತೆ ಮುತ್ತೈದೆ ಹೆಸ್ರಿಗೆ ‘ಸೌ.’ ಇಲ್ದೆ ನಾ ಕೈ ಇಡೂದಿಲ್ಲ."

ಅವನದೂ ಸರಿಯೇ. ಯಂತ್ರ ಚರ್ರೆಂದಿತು. ಎರಡರ ಮೇಲೂ ಮೇಲಿನಿಂದ ಕೆಳಗೆ ‘ಸೌ. ಪ್ರೇಮಾ, ಅಂಕೋಲೆ’ ಎಂದು ಮುತ್ತಿನಂತೆ ಬಂತು. ಮರುದಿನ ಬೆಳಿಗ್ಗೆ ಕ್ಲಬ್ಬಿನ ಬಾಗಿಲಲ್ಲಿ ಅವಳ ಕೈಗೆ ಕೊಟ್ಟೆ. ಅವಳು ಓದಿ, ನನ್ನ ಮುಖ ನೋಡಿ ನಕ್ಕಳು. ಅಂಥ ನಗು ನೋಡಲು ಎಷ್ಟು ಡಬ್ಬಿಗಾದರೂ ಹೆಸರು ಹಾಕಿಸಬಹುದಿತ್ತು.

ಮೊದಲಿಗೆ ಎಣಿಕೆಗೆ ಹಿಡಿಯದ ಐದು ಗುಂಡು. ಅದಕ್ಕೆ ನಕಲಿಯೇ ಸಾಕೆಂದು ಅವಳು ಹೆಸರಿನವನ್ನು ಲೆಕ್ಕದ ಸರದಿಗೆ ಇಟ್ಟುಕೊಂಡಳು. ನಾನು ಹಗ್ಗದ ಹಿಂದೆ ನಿಂತಿದ್ದೆ. ವೇಗದ ಹಂತದಲ್ಲಿ ಹಸಿರು ದೀಪ ಮೂರು ಸೆಕೆಂಡು ಹೊತ್ತುತ್ತದೆ. ಅಷ್ಟರೊಳಗೆ ಕೈಯೆತ್ತಿ ಒಂದು ಗುಂಡು ಹೊಡೆದು ಕೈಯಿಳಿಸಬೇಕು. ಹೀಗೆ ಐದು ಸಲ. ನಾನು ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು. ಐದನೆಯ ದೀಪ ಹೊತ್ತಿತು, ಆರಿತು. ಸದ್ದಿಲ್ಲ. ಪ್ರೇಮಾಳ ಎಡಗೈ ಮೇಲಿತ್ತು.

ಹೀಗೆ ತೊಡಕಾದರೆ ಒಂದು ಸಲ ಮನ್ನಿಸಿ ಮತ್ತೆ ಹೊಡೆಯಲು ಬಿಡುತ್ತಾರೆ. ಅದೇ ಹಂತದಲ್ಲಿ ಇನ್ನೊಂದು ಸಲವಾದರೆ ಹಾರದ ಗುಂಡಿಗೆ ಸೊನ್ನೆ. ಅವಳು ಆ ಮ್ಯಾಗಜಿನ್ ಬದಿಗಿಟ್ಟು, ಹೆಸರಿದ್ದ ಇನ್ನೊಂದನ್ನು ಹಾಕಿದಳು. ಒಂದು, ಎರಡು, ಮೂರು, ನಾಲ್ಕು. ಮತ್ತೆ ಎಡಗೈ. ಆಮೇಲೆ ಉಳಿದ ಎಲ್ಲ ಸರದಿಗೂ ಗೀರು ಬಿದ್ದ ನಕಲಿಯೊಂದನ್ನೇ ತುಂಬಿ ತುಂಬಿ ಹೊಡೆದಳು. ಅದು ಒಮ್ಮೆಯೂ ಕೈಕೊಡಲಿಲ್ಲ. ಕೊನೆಗೆ ಬೇಕಾದದ್ದಕ್ಕಿಂತ ನಾಲ್ಕು ಅಂಕ ಕಡಿಮೆಯಾಯಿತು. ಅವಳ ಒಂದು ಗುಂಡು ಎಂಟಕ್ಕಿಂತ ಕೆಳಗೆ ಬೀಳುವುದೇ ಅಪರೂಪ. ಹಾರದೆ ಉಳಿದ ಆ ಒಂದು ಗುಂಡು ಹಾರಿದ್ದರೆ ಸಾಕಿತ್ತು.

ದೇವಿದಾಸ ಸಾಹೇಬರು ಮ್ಯಾಗಜಿನ್ನಿನ ತಳ ಬಿಚ್ಚಿ, ಸ್ಪ್ರಿಂಗು ತೆಗೆದು, ಒಳಗೆ ಒಂದು ಹಿಡಿಕಡ್ಡಿ ಆಡಿಸಿದರು. ಕಟ್ ಕಟ್ ಎಂದಿತು. ಹೊರಗೆ ಹೊಡೆದ ಚುಕ್ಕಿಗಳೆಲ್ಲ ಒಳಗೆ ಉಬ್ಬಿ ಬಂದಿದ್ದವು. ಕೊನೆಯ ಗುಂಡನ್ನು ಎತ್ತಿ ಹಿಡಿಯುವ ಹೊತ್ತಿಗೆ ಸ್ಪ್ರಿಂಗಿನ ಬಿಗಿ ಇಳಿದು, ತಟ್ಟೆ ಅವಕ್ಕೆ ತಾಗಿ ನಿಲ್ಲುತ್ತಿತ್ತು.

"ಇದ್ಕೆ ಎಂತ ಮಾಡ್ದ್ರಿ ಮಾಸ್ತರೆ?"

"ಹೆಸರು ಹಾಕಿಸಿದೆ."

"ಹೆಸ್ರು?"

"ಊರಿನ ಸಮೇತ" ಎಂದೆ.

ಅವರು ಸ್ಪ್ರಿಂಗನ್ನು ನನ್ನ ಅಂಗೈಯಲ್ಲಿಟ್ಟು ಹೋದರು. ತೆಳು ತಗಡಿನ ಮೇಲೆ ಹೊರಗಿನಿಂದ ಹೊಡೆದರೆ ಒಳಗೆ ಉಬ್ಬುತ್ತದೆ ಎಂದು ತಿಳಿಯಲು ಎಂಟನೆಯ ತರಗತಿಯ ವಿಜ್ಞಾನವೂ ಬೇಕಾಗಿಲ್ಲ, ಒಂದು ಡಬ್ಬಿ ಸಾಕು. ನನಗೆ ನಿಜವಾಗಿ ಅಳು ಬಂತು. ಐವತ್ತು ದಾಟಿದ ಮಾಸ್ತರು ಹೊರಗೆ ಅಳುವ ರೂಢಿ ಇಲ್ಲವಾದ್ದರಿಂದ ಕನ್ನಡಕ ಒರೆಸಿಕೊಂಡೆ.

ಪ್ರೇಮಾ ಮನೆಗೆ ಬಂದು ಕಾಲು ತೊಳೆದು, ಆ ಎರಡು ಮ್ಯಾಗಜಿನ್ನುಗಳನ್ನು ಪಾತ್ರೆಯ ಅಟ್ಟಣಿಗೆಯ ಮೇಲೆ ಲೋಟಗಳ ಸಾಲಿನಲ್ಲಿ ಇಟ್ಟಳು.

"ಅಕ್ಷರ ಮಾತ್ರ ಚೆಂದ ಬಂದದೆ" ಎಂದಳು.

ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಮುಂದಿನ ಆಯ್ತವಾರ ಅವಳು ಮಾತಿಗೆ ತಪ್ಪದೆ ಬಿಸಿ ಅನ್ನ ಬಡಿಸಿದಳು. ಜೊತೆಗೆ ಇಸ್ವಣ ಮೀನಿನ ಸಾರು. ಅದರ ಮುಂದಿನ ಆಯ್ತವಾರವೂ ಬಿಸಿ ಅನ್ನ, ಬಂಗಡೆ ಹುರಿದದ್ದು. ಊಟವಾದ ಮೇಲೆ ಅವಳು ಕಿಟಕಿಯ ಹತ್ತಿರ ಕೂತಳು. ಏನಾಯ್ತು ಎಂದೆ. ಏನಿಲ್ಲ ಎಂದಳು. ಮೂರನೆಯ ವಾರ ನಾನು ಅನ್ನದ ಹಬೆ ಆರುವವರೆಗೆ ಬಟ್ಟಲು ಮುಟ್ಟಲಿಲ್ಲ.

ನಾಲ್ಕನೆಯ ಆಯ್ತವಾರ ಬೆಳಿಗ್ಗೆ ನಾನು ಮೀನು ತೆಗೆದುಕೊಂಡು ಬಂದಾಗ ಅವಳು ಅದೇ ಕಿಟಕಿಯ ಹತ್ತಿರ ಕೂತು ಏನನ್ನೋ ಊದುತ್ತಿದ್ದಳು. ಹತ್ತಿರ ಹೋದೆ. ಅವಳ ಕೈಯಲ್ಲಿ ಗೀರು ಬಿದ್ದ ನಕಲಿ ಮ್ಯಾಗಜಿನ್ನು. ಅದರ ತಳದಲ್ಲಿ ಉಗುರುಬಣ್ಣದ ಒಂದು ಕೆಂಪು ಚುಕ್ಕಿ, ಇನ್ನೂ ಹಸಿ. ಉಗುರಿಗೆ ಎಂದೂ ಬಣ್ಣ ಹಚ್ಚದವಳು ಆ ಸೀಸೆಯನ್ನು ಅದಕ್ಕೆಂದೇ ತಂದಿದ್ದಳು.

"ಇದೆಂತಕ್ಕೆ?" ಎಂದು ಮೆಲ್ಲಗೆ ಕೇಳಿದೆ.

"ಗುರುತಿಗೆ. ಕ್ಲಬ್ಬಲ್ಲಿ ಬೇರೆಯವ್ರದ್ರ ಜೊತೆ ಸೇರಿ ಹೋಗ್ತದಲ್ಲ." ಅವಳು ಎದ್ದು ಚೀಲ ಹೆಗಲಿಗೇರಿಸಿಕೊಂಡಳು. "ಬಸ್ಸಿಗೆ ಹೊತ್ತಾಯ್ತು. ಮೀನು ಫ್ರಿಜ್ಜಲ್ಲಿಡಿ. ನಿನ್ನೆ ಅನ್ನ ಅದೆ, ಗಂಜಿ ಮಾಡ್ಕಣಿ."

ಗೇಟಿನ ಸದ್ದು ಕೇಳಿದ ಮೇಲೆ ನಾನು ಮೀನು ಫ್ರಿಜ್ಜಿನಲ್ಲಿಟ್ಟೆ. ಆಮೇಲೆ ಗಂಜಿ ಮಾಡಿಕೊಂಡು, ಶೆಟ್ಲಿಯ, ಎಂದರೆ ಒಣ ಸಿಗಡಿಯ, ಚಟ್ನಿ ನಂಜಿಕೊಂಡು ಎರಡು ಬಟ್ಟಲು ಉಂಡೆ. ಬಟ್ಟಲು ಬರಿದಾದಾಗ ತಳದಲ್ಲಿ ಪುಂಡಲೀಕ ಹೊಡೆದ ನನ್ನ ಹೆಸರು ಕಂಡಿತು. ದಪ್ಪ ತಗಡು, ಹೆಸರಿನಿಂದ ಅದಕ್ಕೇನೂ ಆಗಿರಲಿಲ್ಲ.