ಬೀಜದಕ್ಕನ ಏಳು ಗೇಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮೂರನೇ ಗೇಟಿನ ಒಳಗೆ ಆಕೆ ಮೊಣಕಾಲೂರಿ ಕೂತು, ಎಳೆ ಹುಲ್ಲಿನ ಒಂದು ಸುಳಿಯನ್ನು ಹಸು ಜಗ್ಗುವ ಹಾಗೆ ಪಕ್ಕಕ್ಕೆ ಜಗ್ಗುತ್ತಾರೆ. ಬೇರು ಸಮೇತ ಕೈಗೆ ಬರುತ್ತದೆ. ಅದನ್ನು ಮತ್ತೆ ಅಲ್ಲೇ ಊರಿ, ಹೆಬ್ಬೆರಳಿನಿಂದ ಮಣ್ಣು ಒತ್ತಿ, ಹೊರಗೆ ಬಂದು ಚಿಲಕ ಹಾಕುತ್ತಾರೆ. ನಲವತ್ತಾರು ಹಸುಗಳು ಗೇಟಿನತ್ತ ಮೂತಿ ಚಾಚಿ ನಿಂತಿವೆ.

“ಇನ್ನೊಂದು ವಾರ ಬೇಕು. ತುದಿ ಮಾತ್ರ ಹರಿದು ಬರ್ಬೇಕು, ಬೇರು ನೆಲದಲ್ಲೇ ಉಳೀಬೇಕು. ಅಲ್ಲೀವರೆಗೂ ಯಾರನ್ನೂ ಒಳಗೆ ಬಿಡಲ್ಲ” ಎನ್ನುತ್ತಾ ಮಂದೆಯನ್ನು ನಾಲ್ಕನೇ ಗೇಟಿನ ಕಡೆ ತಿರುಗಿಸುತ್ತಾರೆ.

ಅರವತ್ತೆರಡರ ಈ ಹೆಂಗಸನ್ನು ಎಲ್ಲರೂ ಕರೆಯುವುದು ಬೀಜದಕ್ಕ ಎಂದೇ. ಹಾಲಿನ ಸಂಘಕ್ಕೆ ಸೇರಿದ ಹುಲ್ಲುಗಾವಲು ಆಕೆಯ ಸುಪರ್ದಿಯಲ್ಲಿದೆ. ಕಾಗದದಲ್ಲಿ ಬರೆದಿರುವುದು ‘ಬೇಲಿ ಕಾವಲು’ ಎಂದು. ಬಿತ್ತನೆಯ ಸುದ್ದಿ ಅದರಲ್ಲಿಲ್ಲ.

ಆಕೆಯ ಅಪ್ಪ ಇದೇ ನೆಲದಲ್ಲಿ ದನ ಮೇಯಿಸುತ್ತಿದ್ದರು. ಆ ದಿನಗಳ ಮಾತು ಬಂದರೆ ಬೀಜದಕ್ಕನ ದನಿ ಮೆತ್ತಗಾಗುತ್ತದೆ. “ಅಣ್ಣನೂ ನಾನೂ ಕಣ್ಣಾಮುಚ್ಚಾಲೆ ಆಡ್ತಿದ್ವಿ. ಹುಲ್ಲಲ್ಲಿ ಕೂತ್ಬಿಟ್ರೆ ಪಕ್ಕದಲ್ಲೇ ಹಾದು ಹೋದ್ರೂ ಕಾಣ್ತಿರ್ಲಿಲ್ಲ. ಒಂದ್ಸಲ ಅವನು ಅಲ್ಲೇ ನಿದ್ದೆ ಹೋಗ್ಬಿಟ್ಟಿದ್ದ. ಅಪ್ಪ ಎಷ್ಟು ಹುಡುಕಿದ್ರು ಅಂತೀರಿ.” ಅಪ್ಪನ ಜೇಬಿನಲ್ಲಿ ಸದಾ ಒಂದು ಹಿಡಿ ಹುಲ್ಲಿನ ಬೀಜ ಇರುತ್ತಿತ್ತಂತೆ. ಬೋಳು ನೆಲ ಕಂಡಲ್ಲಿ ಉದುರಿಸಿ, ಮೇಲೊಂದು ಹೆಜ್ಜೆ ಊರಿ ಮುಂದೆ ಹೋಗುತ್ತಿದ್ದರಂತೆ.

ಅಪ್ಪ ಹೋದ ಮೇಲೆ ಹೇಳುವವರು ಕೇಳುವವರು ಇಲ್ಲದಂತಾಯಿತು. ವರ್ಷವಿಡೀ ದನ ಬಿಟ್ಟು ಬಿಟ್ಟು ನೆಲ ಅಂಗೈಯಷ್ಟು ಬೋಳಾಯಿತು. ಹತ್ತು ವರ್ಷದ ಹಿಂದೆ ಸಂಘದವರು ಅದನ್ನು ಇಟ್ಟಿಗೆ ಗೂಡಿಗೆ ಕೊಡಲು ಹೊರಟರು. ಆಗ ಸಂಘದಲ್ಲಿ ಹಾಲಿನ ಕ್ಯಾನು ತೊಳೆಯುತ್ತಿದ್ದ ಈಕೆ ಸಭೆಯಲ್ಲಿ ಎದ್ದು ನಿಂತು ಮೂರು ವರ್ಷ ಅವಕಾಶ ಕೇಳಿದರು. ಕ್ಯಾನಿನ ಹಾಗೆ ನೆಲವನ್ನೂ ತಿಕ್ಕಿ ಬೆಳಗಿಸುತ್ತಾಳೆ ಬಿಡಿ ಎಂದು ಯಾರೋ ಅಂದರು. ನಕ್ಕವರಲ್ಲಿ ಅಣ್ಣನೂ ಇದ್ದರು.

ಉಳದೆ, ಇದ್ದ ಹುಲ್ಲಿನ ನಡುವೆಯೇ ಬಿತ್ತುವುದು ಆಕೆಯ ಕ್ರಮ. ನೆಲವನ್ನು ಏಳು ತಾಕು ಮಾಡಿ ಬೇಲಿ ಹಾಕಿಸಿದರು. ಮಳೆಗೆ ಮುಂಚೆ ಒಂದು ತಾಕನ್ನು ಮಣ್ಣು ಕಾಣುವಷ್ಟು ಮೇಯಿಸಿ, ಮುಳ್ಳಿನ ಕೊಂಬೆ ಎಳೆದು ನೆಲ ಕೆರೆದು, ಹುಲ್ಲಿನ ಬೀಜ, ದ್ವಿದಳ ಬಳ್ಳಿಯ ಬೀಜ ಎರಡನ್ನೂ ಮರಳಿಗೆ ಬೆರೆಸಿ ಎರಚುವುದು. ಆಮೇಲೆ ಮಂದೆಯನ್ನು ಒಮ್ಮೆ ಅಡ್ಡಾಡಿಸಿದರೆ ಗೊರಸೇ ಬೀಜವನ್ನು ಮಣ್ಣಿಗೆ ಒತ್ತುತ್ತದೆ. ಅಲ್ಲಿಂದ ಗೇಟು ಬಂದ್.

ಮೊದಲ ವರ್ಷ ಮಳೆ ತಡವಾಗಿ, ಬೀಜವೆಲ್ಲ ಇರುವೆಗಳ ಪಾಲಾಯಿತು. ಎರಡನೇ ವರ್ಷ ಮೊಳಕೆ ಹಸಿರು ಚಾಪೆಯ ಹಾಗೆ ಬಂತು. ಇಪ್ಪತ್ತನೇ ದಿನ ಮಧ್ಯಾಹ್ನ ಊಟ ಮುಗಿಸಿ ಬರುವಷ್ಟರಲ್ಲಿ ಗೇಟು ತೆರೆದಿತ್ತು. ಒಳಗೆ ಅಣ್ಣನ ಐದು ಹಸುಗಳು ಎಳೆ ಪೈರನ್ನು ಬೇರು ಸಮೇತ ಕಿತ್ತು ತಿನ್ನುತ್ತಿದ್ದವು. ಅಪ್ಪ ಮೇಯಿಸಿದ ನೆಲಕ್ಕೆ ನೀನ್ಯಾರು ಬೀಗ ಹಾಕೋಕೆ ಎಂದು ಅಣ್ಣ ಎದುರು ನಿಂತರು. ಬೀಜದಕ್ಕ ಹಸುಗಳನ್ನು ಹೊಡೆದಟ್ಟಿ, ನೇರ ಸಂಘಕ್ಕೆ ಹೋಗಿ ಒಡಹುಟ್ಟಿದವನ ಮೇಲೆಯೇ ದೂರು ಕೊಟ್ಟರು. ಆ ಹಂಗಾಮು ಮುಗಿಯುವವರೆಗೂ ಅಣ್ಣನ ಹಸುಗಳಿಗೆ ಪ್ರವೇಶ ನಿಂತಿತು. ಅಣ್ಣನ ಮಾತೂ ನಿಂತಿತು. “ಎದುರಿಗೆ ಬಂದ್ರೆ ಮುಖ ತಿರುಗಿಸ್ಕೊಂಡು ಹೋಗ್ತಿದ್ದ. ಎಷ್ಟೋ ಸಲ ಅನ್ನಿಸ್ತು, ಹಾಳಾಗ್ಲಿ ಹುಲ್ಲು, ಅಣ್ಣ ಒಬ್ಬ ಸಾಕು ಅಂತ.” ಆದರೂ ಅಷ್ಟೂ ತಾಕಿಗೆ ಮತ್ತೆ ಬಿತ್ತಿದರು.

ಮೂರನೇ ವರ್ಷ ಹುಲ್ಲು ನಿಂತಿತು. ಒಂದು ಬೆಳಗ್ಗೆ ಅಣ್ಣ ಗೇಟಿನ ಹೊರಗೆ ನಿಂತಿದ್ದರು.

“ಯಾವಾಗ ಬಿಡ್ಬಹುದು?” ಅಂದರು.

“ನೀನೇ ಕಿತ್ತು ನೋಡಣ್ಣ” ಅಂದರು ತಂಗಿ.

ಅಣ್ಣ ಒಳಗೆ ಬಂದು, ಬಗ್ಗಿ ಜಗ್ಗಿದರು. ಬೇರು ಬಂತು. ಹೊರಗೆ ಹೋಗಿ, ಗೇಟನ್ನು ತಾವೇ ಮುಚ್ಚಿದರು. ಅಂದಿನಿಂದ ಮಳೆಗೆ ಮುಂಚೆ ಮುಳ್ಳಿನ ಕೊಂಬೆ ಎಳೆಯುವ ಕೆಲಸ ಅವರದೇ.

ಈಗ ಹುಲ್ಲು ಗೇಣುದ್ದ ಆದರೆ ದನ ಒಳಗೆ, ನಾಲ್ಕು ಬೆರಳಿಗೆ ಇಳಿದರೆ ಹೊರಗೆ. ಒಂದು ತಾಕಿಗೆ ನಾಲ್ಕು ದಿನ ಮೇವು, ಇಪ್ಪತ್ತನಾಲ್ಕು ದಿನ ವಿಶ್ರಾಂತಿ. ಇದಕ್ಕಾಗಿ ದಿನಕ್ಕೆ ಒಂಬತ್ತು ಕಿಲೋಮೀಟರ್ ನಡಿಗೆ. ಮಂಡಿ ನೋವಿನ ಬಗ್ಗೆ ಕೇಳಿದರೆ, “ಅದೂ ಜೊತೇಲೇ ನಡೀತಾ ಇದೆ” ಎಂದು ನಗುತ್ತಾರೆ.

ಮೊನ್ನೆ ಹೊರಗಿನಿಂದ ಹುಲ್ಲುಗಾವಲು ನೋಡಲು ಬಂದವರಿಗೆ ಸಂಘದ ಕಾರ್ಯದರ್ಶಿ, ಇದೆಲ್ಲ ತಾನಾಗಿಯೇ ಬೆಳೆದ ಹುಲ್ಲು ಎಂದು ತೋರಿಸುತ್ತಿದ್ದರಂತೆ. ಬೀಜದಕ್ಕ ಅಲ್ಲೇ ಬೇಲಿಯ ತಂತಿ ಬಿಗಿಯುತ್ತಿದ್ದರು. ಬೇಸರವಾಗಲಿಲ್ಲವೇ ಎಂದು ಕೇಳುತ್ತೇನೆ. ಕೈಗೆ ಮೆತ್ತಿದ ಮಣ್ಣನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

“ಬೇಸರ ಯಾಕೆ? ತೇಪೆ ಹಾಕಿದ್ದು ಗೊತ್ತಾಗ್ಬಾರ್ದು. ಗೊತ್ತಾಗ್ಲಿಲ್ಲ ಅಂದ್ರೆ ಹೊಲಿಗೆ ಚೆನ್ನಾಗಿ ಬಿದ್ದಿದೆ ಅಂತ ತಾನೆ.”