ಸೊಸೆಯ ಕಂಪ್ಯೂಟರು ಯಾಕೆ ನಿಲ್ಲುತ್ತಿತ್ತು

ಮಗ ಸತ್ತ ಮೇಲೆ ಸೊಸೆ ನಮ್ಮ ಬಡವನಹಳ್ಳಿ ಮನೆಯ ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟಳು. ಪಹಣಿ, ಜಾತಿ ಸರ್ಟಿಫಿಕೇಟು, ರೇಷನ್ ಕಾರ್ಡು, ಇಂಥವಕ್ಕೆ ಅರ್ಜಿ ಹಾಕೋ ಸೆಂಟರು. ಪರ್ಮಿಶನ್ನು ಅವಳ ಹೆಸರಿಗೇ ಬಂದಿತ್ತು. ನನಗೆ ಹಿಡಿಸಲಿಲ್ಲ. ಗಂಡನ್ನ ತಿಂದ್ಕೊಂಡವಳು ಬೀದಿಗೆ ಮುಖ ಮಾಡ್ಕೊಂಡು ಕೂರೋದು, ಊರ ಗಂಡಸರು ಬಂದು "ಅಕ್ಕಾ, ನಂದೊಂಚೂರು ನೋಡಕ್ಕ" ಅನ್ನೋದು.

ಅವಳ ಕೈ ಮನೆಗೆ ಆಗಲ್ಲ ಅಂತ ನನಗೆ ಗಟ್ಟಿಯಾಗಿತ್ತು. ಅದಕ್ಕೆ ಮೊದಲ ದಿನದಿಂದ, ಅವಳು ಸ್ನಾನಕ್ಕೆ ಹೋದಾಗ, ಶಿವನಿಗೆ ಕೈಮುಗಿದು ಒಂದು ಚಿಟಿಕೆ ವಿಭೂತಿ ತಂದು ಆ ಪೆಟ್ಟಿಗೆಗೆ ಊದ್ತಿದ್ದೆ. ಪಕ್ಕದಲ್ಲಿ ಜರಡಿ ಥರ ತೂತಿದ್ದವು. ಮಕ್ಕಳಿಗೆ ದೃಷ್ಟಿಯಾದಾಗ ಮುಖಕ್ಕೆ ಊದಲ್ವಾ, ಅಂಗೆ.

ನಾಲ್ಕು ತಿಂಗಳು ಓಡ್ತು. ಆಮೇಲೆ ಅರ್ಜಿ ಅರ್ಧ ಆಗಿರುವಾಗಲೇ ಪಟ್ ಅಂತ ಆಫ್. ಕರೆಂಟು ಇರ್ತಿತ್ತು, ಪೆಟ್ಟಿಗೆ ಮಾತ್ರ ಸತ್ತಿರ್ತಿತ್ತು.

"ಕೈಗುಣ ಕಣಮ್ಮ," ಅಂದೆ, ಕೂತಿದ್ದ ಜನದ ಮುಂದೇನೆ. "ನೀನು ಮುಟ್ಟಿದ್ದು ಯಾವುದು ಉಳಿದೈತೆ?"

ಅವಳು ಮತ್ತೆ ಬಟನ್ ಒತ್ತಿದಳು. ನಾನು ವಿಭೂತೀನ ಮೂರು ಚಿಟಿಕೆ ಮಾಡಿದೆ.

ಮಧುಗಿರಿಯಿಂದ ರಿಪೇರಿಯವನು ಬಂದ. ಬದಿ ತಗಡು ಬಿಚ್ಚಿ, ಧೂಳು ಹೊಡೆದು, ಮೆಮೊರಿ ಅಂತ ಒಂದು ಹಸಿರು ಪಟ್ಟಿ ಕಿತ್ತು ಸ್ಕೂಲು ಮಕ್ಕಳ ರಬ್ಬರಲ್ಲಿ ಉಜ್ಜಿ ಹಾಕಿದ. "ರಸ್ತೆ ಪಕ್ಕದ ಮನೆ, ಧೂಳು ಇದ್ದೇ ಇರ್ತದೆ," ಅಂದ. ಆವತ್ತೇ ನಾನು ವೈ.ಎನ್.ಹೊಸಕೋಟೆಗೆ ಮಗಳ ಮನೆಗೆ ಹೋದೆ. ಹತ್ತು ದಿನ ಬಿಟ್ಟು ಬಂದರೆ, ಒಂದು ಸಲಾನೂ ನಿಂತಿಲ್ಲ ಅಂದಳು ಸೊಸೆ. ಮೊದಲು ಯಾವ್ಯಾವಾಗ ನಿಂತಿತ್ತು ಅಂತ ದಿನ, ಗಂಟೆ ನೋಟ್‌ಬುಕ್ಕಲ್ಲಿ ಬರೆದಿಟ್ಟಿದ್ದಳು; ಆ ಹತ್ತು ದಿನ ಖಾಲಿ.

"ನಾನು ಇಲ್ದಿದ್ರೆ ಸುಖ ಅನ್ನು," ಅಂದೆ. ಬೆಳಗ್ಗೆ ಮತ್ತೆ ಊದಿದೆ. ವಾರ ಕಳೆಯೋದ್ರೊಳಗೆ ಮತ್ತೆ ನಿಂತಿತು.

ಎರಡನೇ ಸಲ ಬಂದ ರಿಪೇರಿಯವನು ಕರೆಂಟು ಕೊಡೋ ಡಬ್ಬಿ ಬದಲಾಯಿಸಿದ. ಎರಡು ದಿನ ಓಡಿ ನಿಂತಿತು. ಜನ ಬೈಕೊಂಡು ಮಧುಗಿರಿಗೆ ಹೋಗೋಕೆ ಶುರು ಮಾಡಿದರು. ಮೇಲಿನ ಆಫೀಸಿನವರು ಫೋನ್ ಮಾಡಿ, ಇನ್ನೊಂದು ವಾರ ಸೆಂಟರ್ ಮುಚ್ಚಿದ್ದರೆ ಪರ್ಮಿಶನ್ನು ಬೇರೆಯವರಿಗೆ ಅಂದರು. ಅವಳು ಫೋನ್ ಹಿಡ್ಕೊಂಡು "ಸಾರ್, ಸಾರ್" ಅಂತಾನೇ ಇದ್ದಳು. ನಾನು ಒಳಗೆ ಕಡ್ಲೆಕಾಯಿ ಸುಲೀತಾ ಕೇಳಿಸ್ಕೊಂಡೆ. ಹೋಗಲಿ, ಒಲೆ ಮುಂದೆ ಬಂದು ಕೂರ್ತಾಳೆ ಅಂದ್ಕೊಂಡೆ.

ಹೋಯ್ತು. ಎಂಟನೇ ದಿನ ಊರಿನ ಇನ್ನೊಬ್ಬನಿಗೆ ಕೊಟ್ಟರು.

ಹತ್ತನೇ ದಿನ ರಿಪೇರಿಯವನು ಮೂರನೇ ಸಲ ಬಂದ. ಈ ಸಲ ಒಳಗಿನ ಪುಟ್ಟ ಫ್ಯಾನನ್ನೇ ಕಿತ್ತ. ಅದರ ಕೆಳಗೆ ತಗಡಿನ ಸಂದುಗಳಲ್ಲಿ ಬೆಳ್ಳಗೆ ಗಚ್ಚು ಮೆತ್ತಿದಂಗೆ ಇತ್ತು.

"ಇದು ರಸ್ತೆ ಧೂಳಲ್ಲಕ್ಕ," ಅಂದ. "ನಮ್ಮ ಕಡೆ ಧೂಳು ಕೆಂಪು. ಇದ್ನ ಮೂಸಿ ನೋಡಿ. ಗಾಳಿ ಹೋಗೋ ದಾರೀನೇ ಕಟ್ಟಿಬುಟ್ಟೈತೆ. ಕಾದು ಕಾದು ತಾನೇ ಆಫ್ ಆಗ್ತಿತ್ತು."

"ಒಲೆ ಬೂದಿ ಇರ್ಬೇಕು," ಅಂದೆ.

"ನಿಮ್ಮದು ಗ್ಯಾಸ್ ಒಲೆ ಅಲ್ವಾ ಅಜ್ಜಿ?" ಅಂದು ನಕ್ಕ.

ಸೊಸೆ ನಗಲಿಲ್ಲ. ನನ್ನ ಹಣೆ ನೋಡಿದಳು, ಕೈ ನೋಡಿದಳು. ಆವತ್ತು ಬೆಳಗಿನದು ಬೆರಳಲ್ಲಿ ಇನ್ನೂ ಇತ್ತು. ನಾನು ಸೆರಗಲ್ಲಿ ಒರೆಸ್ಕೊಳ್ಳಲಿಲ್ಲ. ಯಾಕೆ ಒರೆಸ್ಕೋಬೇಕು?

ಅವನು ಹೋದ ಮೇಲೆ ಅವಳು ನೆಲದ ಮೇಲೆ ಪೇಪರ್ ಹಾಸಿ, ಬ್ರಷ್ಷಲ್ಲಿ ಆ ಬೂದೀನೆಲ್ಲ ಕೆರೆದು ಉದುರಿಸಿದಳು. ಒಂದು ಹಿಡಿ ಆಯ್ತು. ಪೊಟ್ಟಣ ಕಟ್ಟಿದಳು. ಮಧ್ಯಾಹ್ನ ನನ್ನ ತಟ್ಟೆಗೆ ಮುದ್ದೆ ಇಟ್ಟು, ಪಕ್ಕದಲ್ಲಿ ಪೊಟ್ಟಣ ಇಟ್ಟಳು.

"ತಗೊಳ್ಳಿ ಅತ್ತೆ. ನಿಮ್ಮದೇ."

"ಮುದ್ದೆ ಆರೋಯ್ತದೆ, ಸಾರು ಬಿಡು," ಅಂದೆ.

ಬಿಟ್ಟಳು. ವಾರದೊಳಗೆ ಕಂಪ್ಯೂಟರ್ ಆಟೋಗೆ ಹೇರ್ಕೊಂಡು ಶಿರಾದ ಅಣ್ಣನ ಮನೆಗೆ ಹೋದಳು. ಈಗ ಅಲ್ಲೇ ಯಾರದೋ ಅಂಗಡೀಲಿ ಕೂತು ಟೈಪ್ ಮಾಡ್ತಾಳಂತೆ. ಅದೇ ಮೆಷಿನ್ನು ಒಂದಿನಾನೂ ನಿಂತಿಲ್ಲವಂತೆ.

ಪೊಟ್ಟಣ ಹಂಗೇ ದೇವರ ಗೂಡಲ್ಲಿಟ್ಟಿದ್ದೆ. ಶಿವನ ಬೂದಿ ಬಿಸಾಕೋಕಾಗಲ್ಲ. ಮನೇಲಿ ವಿಭೂತಿ ಗಟ್ಟಿ ಮುಗಿದ ದಿನ ಬಿಚ್ಚಿ ಹಚ್ಕೊಂಡೆ. ಇನ್ನೂ ಅರ್ಧ ಐತೆ.